ಸಾಕ್ಷಿಗೆ ಕುಳಿತ ಸಸಿ

“ಆ ಮೇಡಂ ಮುಂದ ಸುಮ್ ಸುಮ್ಕ ಮಾತಾಡಬ್ಯಾಡ್ರಿ. ಹೊತ್ತು ಮೂಡೈತಿ ಅಂದ್ರೂ ಹೆಂಗ ಗೊತ್ತು ಅಂತ ಕೇಳ್ತಾಳ!”

ಮಸ್ಕಿಯ ಆ ಓಣಿಯಲ್ಲಿ ಜಂಬಮ್ಮನ ಬಗ್ಗೆ ಜನ ಆಡುತ್ತಿದ್ದ ಮಾತಿದು. ಬಾಜೂ ಮನೆಯ ಮಕ್ತುಂಬೀ ಅದಕ್ಕೆ ಇನ್ನಷ್ಟು ಒಗ್ಗರಣೆ ಹಾಕುತ್ತಿದ್ದಳು: “ಬದನಿಕಾಯಿ ತಾಜಾ ಅದಾವು ಅಂದಿದ್ದಕ್ಕ ಕಾಯಿಪಲ್ಲೆ ಮಾರೋ ರಹಮಾನಸಾಬನ ಬೆವರು ಇಳಿಸ್ಯಾಳವ್ವಾ. ನಾಳಿಗಿ ಗಿಡಾನ ಕಿತ್ಕೊಂಡು ಬರ್ತೀನ್ರಿ ಅಂದ ಪಾಪ!”

ಜಂಬಮ್ಮ ಕೇಳಿಯೂ ಕೇಳದವಳಂತೆ ನಕ್ಕು, ಬಸ್ಸು ಹತ್ತಿ ಸಿಂಧನೂರಿಗೆ ಹೋಗುತ್ತಿದ್ದಳು. ಅಲ್ಲಿನ ಕಾಲೇಜಿನಲ್ಲಿ ಬಿ.ಎಸ್ಸಿ. ಹುಡುಗರಿಗೆ ಅವಳು ಜೀವಶಾಸ್ತ್ರದ ಮೇಡಂ. ಹುಡುಗರೇನು ದಡ್ಡರಲ್ಲ. ನೋಟ್ಸನ್ನು ನೀರು ಕುಡಿದಂತೆ ಬಾಯಿಪಾಠ ಮಾಡಿ ರಾಶಿ ಅಂಕ ತರುವವರು. ಆದರೆ ಮೊಬೈಲಿನಲ್ಲಿ ಬಂದ ಯಾವ ಸುದ್ದಿಯನ್ನಾದರೂ ಅಷ್ಟೇ ಸಲೀಸಾಗಿ ನುಂಗುವವರು. ಇದೇ ಅವಳ ಸಂಕಟ.

ಒಂದು ದಿನ ಅವಳು ತರಗತಿಗೆ ಒಂದು ಕರಪತ್ರ ತಂದಳು. ಬೆಳೆಗೆ ಹಾಕುವ ಹೊಸ ಟಾನಿಕ್ಕಿನದು. ‘ಹಾಕಿದರೆ ದುಪ್ಪಟ್ಟು ಬೆಳೆ’ ಎಂದು ಬರೆದಿತ್ತು. “ಇದು ಖರೇನೋ ಸುಳ್ಳೋ, ನೀವ ಹೇಳ್ರಿ. ನಾ ಹೇಳಾಂಗಿಲ್ಲ” ಎಂದಳು.

ಪ್ರಿನ್ಸಿಪಾಲ ಶಿವಪ್ರಸಾದರಿಗೆ ಇದು ಸರಿಬರಲಿಲ್ಲ. “ಮೇಡಂ, ಸಿಲೆಬಸ್ ಯಾರು ಮುಗಿಸ್ಬೇಕ್ರಿ? ಬರೋ ಪಾಲಕರ ಸಭೆಯಾಗ ನಿಮ್ಮ ಹುಡುಗ್ರು ಎಲ್ಲರ ಮುಂದ ನಿಂತು ಏನು ಕಲ್ತೀವಿ ಅಂತ ತೋರಿಸ್ಲಿ. ಇಲ್ಲಂದ್ರ ಮುಂದಿನ ಸೆಮಿಸ್ಟರಿಂದ ಮತ್ತ ನೋಟ್ಸ್ ಬರೆಸೋದ.”

ಜಂಬಮ್ಮ ಒಪ್ಪಿಕೊಂಡು ಬಂದಳು. ಈ ಪಾಠ ಉಳಿಯುವುದೂ ಹೋಗುವುದೂ ಇನ್ನು ಆ ಸಭೆಯ ಕೈಯಲ್ಲಿತ್ತು.

ಹುಡುಗರು ಡಬ್ಬಿಗಳಲ್ಲಿ ಹೆಸರುಕಾಳು ಬಿತ್ತಿದರು. ಅರ್ಧದಷ್ಟು ಡಬ್ಬಿಗೆ ಟಾನಿಕ್ ಕಲಸಿದ ನೀರು, ಉಳಿದರ್ಧಕ್ಕೆ ಬರೀ ನೀರು. ಸಂತೆಕಲ್ಲೂರಿನ ಭಾಗ್ಯಶ್ರೀ ತನ್ನ ಡಬ್ಬಿಗಳನ್ನು ಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಕೆಲವು ದಿನಗಳಾದ ಮೇಲೆ ಓಡೋಡಿ ಬಂದು, “ಮೇಡಂ, ಎಲ್ಲಾ ಸಸಿ ಒಂದ ಸಮ ಎದ್ದಾವ್ರೀ. ಟಾನಿಕ್ ಸುಳ್ಳು!” ಎಂದಳು.

“ಹೆಂಗ ಗೊತ್ತು?” ಎಂದಳು ಜಂಬಮ್ಮ. ಹುಡುಗಿಯ ಮುಖ ಸಣ್ಣದಾಯಿತು.

ಅಂದು ಸಂಜೆಯೇ ಇಬ್ಬರೂ ಟಂಟಂ ಹತ್ತಿ ಸಂತೆಕಲ್ಲೂರಿಗೆ ಹೋದರು. ಕಟ್ಟೆಯ ಮೇಲೆ ಭಾಗ್ಯಶ್ರೀಯ ಅಜ್ಜಿ ಸಂಗಮ್ಮ ತಂಬಿಗೆ ಹಿಡಿದು ಡಬ್ಬಿಗಳಿಗೆ ನೀರು ಹನಿಸುತ್ತಿದ್ದಳು. ತಂಬಿಗೆಯಿಂದ ಟಾನಿಕ್ಕಿನ ವಾಸನೆ ಘಮ್ಮೆಂದಿತು.

“ಆಯಿ! ಇವಕ್ಕ ಹಾಕಬಾರದು ಅಂತ ಹೇಳಿದ್ನಲ್ಲ!” ಭಾಗ್ಯಶ್ರೀ ಚೀರಿದಳು.

“ಒಂದ ಸಾಲಿನಾಗ ಕುಂದ್ರಿಸಿ, ಒಬ್ಬರಿಗೆ ಹುಗ್ಗಿ ಬಡಿಸಿ ಇನ್ನೊಬ್ಬರಿಗೆ ಬರೀ ನೀರು ಕೊಡ್ತಾರೇನ ಬೇ? ಪಂಕ್ತಿಯಾಗ ಭೇದ ಮಾಡಿದ್ರ ಶಿವ ಮೆಚ್ಚತಾನೇನು? ಮೊದಲನೇ ದಿನದಿಂದ ನಾನ ಎಲ್ಲಕ್ಕೂ ಸಮ ಹಾಕಾಕತ್ತೀನಿ” ಎಂದಳು ಮುದುಕಿ, ಎಳ್ಳಷ್ಟೂ ಅಳುಕದೆ.

ಭಾಗ್ಯಶ್ರೀ ಅಳುವುದೊಂದು ಬಾಕಿ. ಜಂಬಮ್ಮನಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಅಜ್ಜಿಯ ಪಕ್ಕ ಕುಳಿತಳು. “ಸಂಗವ್ವಾ, ನಿಮ್ಮದು ದೊಡ್ಡ ಮನಸು. ಆದ್ರ ಆ ಸಸಿ ಊಟಕ್ಕ ಕುಂತಿದ್ದಿಲ್ರಿ, ಸಾಕ್ಷಿಗೆ ಕುಂತಿದ್ವು. ಎಲ್ಲಕ್ಕೂ ಟಾನಿಕ್ ಹಾಕಿಬಿಟ್ರ, ಸಸಿ ಎದ್ದಿದ್ದು ಟಾನಿಕ್ಕಿಲೆನೋ ನಿಮ್ಮ ನೀರಿಲೆನೋ, ಹೇಳೋರು ಯಾರು?”

ಸಂಗಮ್ಮ ಗಲ್ಲಕ್ಕೆ ಕೈ ಹಚ್ಚಿ ಯೋಚಿಸಿದಳು. “ಅಯ್ಯ ನನ್ನ ಶಿವನ! ಸಾಕ್ಷಿಗೇ ಲಂಚ ತಿನಿಸಿದಂಗ ಆತಲ್ಲ! ಮೊದ್ಲ ಹೇಳಬಾರದೇನ ಬೇ ಹುಡುಗಿ?”

ಸಭೆಗೆ ಇನ್ನೂ ಎರಡು ವಾರವಿತ್ತು. ಮತ್ತೆ ಬಿತ್ತಿದರು. ಈ ಸಲ ಭಾಗ್ಯಶ್ರೀ ತಾನೇ ಒಂದು ಉಪಾಯ ತೆಗೆದಳು. ಡಬ್ಬಿಗಳಿಗೆ ಬರೀ ಅಂಕಿ ಹಚ್ಚಿ, ಯಾವುದಕ್ಕೆ ಏನು ಹಾಕಿದೆ ಎಂದು ಗೊತ್ತಿರದ ಗೆಳೆಯ ಹಫೀಜನಿಂದ ಸಸಿಗಳನ್ನು ಅಳೆಸಿದಳು. “ನನ್ನ ಕಣ್ಣಿಗೆ ನನಗ ಬೇಕಾದ್ದ ಕಾಣಬಾರದಲ್ರಿ” ಎಂದಳು. ಜಂಬಮ್ಮ ಒಳಗೊಳಗೇ ಜಗ ಗೆದ್ದಿದ್ದಳು.

ಸಭೆಯ ದಿನ ಕೋಣೆ ತುಂಬಿತ್ತು. ಟಾನಿಕ್ ಮಾರುವ ಅಂಗಡಿಯ ಪಂಪಾಪತಿಯೂ ಒಬ್ಬ ಹುಡುಗನ ತಂದೆಯಾಗಿ ಮುಂದಿನ ಸಾಲಿನಲ್ಲೇ ಇದ್ದ. ಭಾಗ್ಯಶ್ರೀ ಪ್ರಯೋಗ ಮೊದಲ ಸಲ ಹೇಗೆ ಕೆಟ್ಟಿತೆಂಬ ಕಥೆಯನ್ನೇ ಮೊದಲು ಹೇಳಿದಳು. ಹಿಂದಿನಿಂದ ಸಂಗಮ್ಮ ಎದ್ದು, “ಹೌದ್ರೀ, ಕೆಡಿಸಿದಾಕಿ ನಾನ!” ಎಂದಾಗ ಸಭೆಯೆಲ್ಲ ಗೊಳ್ಳೆಂದಿತು.

ಪಂಪಾಪತಿ ನಗಲಿಲ್ಲ. ಎರಡನೇ ಸಲ ಎರಡೂ ಬಗೆಯ ಸಸಿ ಸಮ ಎದ್ದವೆಂದು ಭಾಗ್ಯಶ್ರೀ ಹೇಳಿದ ಕೂಡಲೇ ಕೇಳಿದ: “ತಂಗಿ, ನನ್ನ ಕಡೆ ಒಯ್ದವರೆಲ್ಲ ಚಲೋ ಬೆಳದಾರ. ಅದಕ್ಕೇನಂತಿ?”

“ಒಯ್ಯದವರು ಹೆಂಗ ಬೆಳದಾರ ಕಾಕಾ?”

ಪಂಪಾಪತಿ ಹಿಂದೆ ಕುಳಿತ ಪಾಲಕರ ಕಡೆ ತಿರುಗಿ ನೋಡಿದ.

“ನಿಮ್ಮ ಟಾನಿಕ್ ಸುಳ್ಳು ಅಂತ ನಾ ಅನ್ನಾಂಗಿಲ್ರಿ” ಎಂದು ಭಾಗ್ಯಶ್ರೀ ಮುಂದುವರಿಸಿದಳು. “ನಮ್ಮ ಡಬ್ಬಿಯಾಗ, ಹೆಸರಿನ ಸಸಿಗೆ, ಇಷ್ಟು ದಿನದಾಗ ಫರಕ ಕಾಣಲಿಲ್ಲ. ಅಷ್ಟ ನಮಗ ಗೊತ್ತು. ನಿಮ್ಮ ರೈತರ ಭತ್ತದ ಮಾತು ಭತ್ತದಾಗ ನೋಡೇ ಹೇಳಬೇಕು.”

ಶಿವಪ್ರಸಾದರು ಎದ್ದು ನಿಂತರು. “ಮೊದಲ ಸಲ ಕೆಟ್ಟಿದ್ದು ಮುಚ್ಚಿಡಬಹುದಿತ್ತಲ್ಲವ್ವಾ, ಯಾಕ ಹೇಳಿದಿ?”

“ಅದನ್ನ ಮುಚ್ಚಿಟ್ರ, ಉಳಿದಿದ್ದನ್ನ ನೀವ್ಯಾಕ ನಂಬಬೇಕ್ರಿ ಸರ್?”

ಮೊದಲ ಚಪ್ಪಾಳೆ ಪ್ರಿನ್ಸಿಪಾಲರದೇ. ಪಂಪಾಪತಿಯೂ ಸೋಲು ಒಪ್ಪಿದವನಂತೆ ನಕ್ಕು, “ಆತು, ನನ್ನ ಗದ್ದಿಯಾಗ ಒಂದು ಮಡಿಗೆ ಟಾನಿಕ್ ಹಾಕದ ಬಿಡ್ತೀನಿ. ನೀವ ಬಂದು ಅಳೀರಿ” ಎಂದ. ನೋಟ್ಸಿನ ಮಾತು ಆ ಕಾಲೇಜಿನಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ವರ್ಷಗಳು ಕಳೆದವು. ಭಾಗ್ಯಶ್ರೀ ಎಂ.ಎಸ್ಸಿ. ಮುಗಿಸಿ ಅದೇ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದಳು. ಇತ್ತ ಲಿಂಗಸುಗೂರಿನ ಕಾಲೇಜಿನವರು ತಮ್ಮಲ್ಲೂ ಇಂಥದೇ ಪಾಠ ಬೇಕೆಂದು ಕೇಳಿ ಜಂಬಮ್ಮನನ್ನು ಕರೆಸಿಕೊಂಡರು.

ಮಸ್ಕಿಯ ಬಾಡಿಗೆ ಮನೆ ಖಾಲಿಯಾದ ಬೆಳಿಗ್ಗೆ ಮಕ್ತುಂಬೀ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಷ್ಟರಲ್ಲಿ ಜಂಬಮ್ಮನ ಫೋನು ರಿಂಗಾಯಿತು.

“ಮೇಡಂ, ನಿನ್ನೆ ನನ್ನ ಪಾಠದಾಗ ಹುಡುಗ್ರು ತಪ್ಪು ಹಿಡದಾರ್ರೀ!” ಭಾಗ್ಯಶ್ರೀ ಒಂದೇ ಉಸಿರಿಗೆ ಹೇಳಿದಳು.

“ಖರೇ ತಪ್ಪಿತ್ತೇನ?”

“ಹೂಂ ರೀ. ನೋಡಿದೆ, ತಪ್ಪು ನಂದ.”

ಜಂಬಮ್ಮ ಗಟ್ಟಿಯಾಗಿ ನಕ್ಕಳು. ಮಕ್ತುಂಬೀ ಅಳುವುದನ್ನೂ ಮರೆತು ಅವಳ ಮುಖ ನೋಡಿದಳು. ಜಂಬಮ್ಮ ಕೀಲಿ ಅವಳ ಕೈಗಿಟ್ಟು, ಟ್ರಂಕು ಎತ್ತಿಕೊಂಡು, ನಗುತ್ತಲೇ ಹೊಸ್ತಿಲು ದಾಟಿದಳು.