ಸೋದರಳಿಯ ಕೇಳಿದ ಮೂರನೆಯದು

"ನೋಡೇ ಬಲ್ಜಾನ್, ಈ ಪೆಟ್ಟಿಗೆ ಮಾಡಿದವರು ಇದನ್ನ ಆಟಕ್ಕೆ ಅಂತಲೇ ಮಾಡಿದ್ರು. ಹುಡುಗರು ಕೂತು ಗುಂಡು ಹಾರಿಸ್ಲಿ, ಕಾರು ಓಡಿಸ್ಲಿ ಅಂತ. ಆದ್ರೆ ಒಳಗಿರೋದು ಕಂಪ್ಯೂಟರೇ. ಬೇಕಾದವರು ಬೇರೆ ವ್ಯವಸ್ಥೆ ಹಾಕ್ಕೊಳ್ಲಿ ಅಂತ ಒಂದು ಹಿತ್ತಲ ಬಾಗಿಲೂ ಇಟ್ಟಿದ್ರು. ನಾನು ಹಾಕಿರೋದು ಲಿನಕ್ಸ್. ಅದಕ್ಕೆ ಯಜಮಾನ ಅಂತ ಇಲ್ಲ. ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಈಗ ಮಾಡಿದವರ ಮನಸ್ಸು ಬದಲಾಗಿದೆ. ಅವರ ಹೊಸ ಅಪ್‌ಡೇಟ್ ಹಾಕಿದ್ರೆ ಆ ಬಾಗಿಲಿಗೆ ಗೋಡೆ ಎದ್ದುಬಿಡುತ್ತೆ. ಒಳಗಿದ್ದದ್ದು ಒಳಗೇ. ಡಿಸ್ಕ್ ಕಿತ್ತು ಬೇರೆ ಕಡೆ ಹಾಕಿದ್ರೂ ಓದಕ್ಕಾಗಲ್ಲ. ಅದಕ್ಕೇ ನಾನು ಇದಕ್ಕೆ ಇಂಟರ್ನೆಟ್ ತಂತಿ ಚುಚ್ಚಲ್ಲ. ಯಾರಾದ್ರೂ ಆಟದ ಸಿ.ಡಿ. ತಂದ್ರೆ ಮುಟ್ಟಗೊಡಬೇಡ, ಅದರಲ್ಲೂ ಅಪ್‌ಡೇಟ್ ಅಡಗಿರುತ್ತೆ."

ಸೈಲಾವ್ ಹೆಂಡತಿಗೆ ಇದನ್ನು ಅದೆಷ್ಟು ಸಲ ಹೇಳಿದ್ದನೋ. ಬಲ್ಜಾನ್ ಹಿಟ್ಟು ನಾದುತ್ತ, "ಆಯ್ತು ರೀ, ನಿಮ್ಮ ಎರಡನೇ ಹೆಂಡ್ತೀನ ನಾನು ಕಾಯ್ತೀನಿ" ಅನ್ನುತ್ತಿದ್ದಳು.

ಕಜಾಕ್ ನಾಡಿನ ಬಲ್ಖಾಶ್ ಊರಿನ ತಾಮ್ರದ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ, ಪುಪ್ಪುಸ ಕೆಟ್ಟು, ಹೊತ್ತಿಗೆ ಮೊದಲೇ ಮನೆಗೆ ಬಂದು ಕೂತವನು ಸೈಲಾವ್. ಸಂತೆಯಲ್ಲಿ ಆ ಪೆಟ್ಟಿಗೆ ಕೊಂಡು ತಂದಾಗ ಅವಳು ಎರಡು ದಿನ ಮಾತು ಬಿಟ್ಟಿದ್ದಳು. ಆಮೇಲೆ ನೋಡಿದರೆ ಅವನು ಆಡುತ್ತಿರಲಿಲ್ಲ. ಆ ಲಿನಕ್ಸ್ ಪರದೆಯ ಮೇಲೆ ತೋರಿಸುವ ಮಾತನ್ನೆಲ್ಲ ಒಂದೊಂದಾಗಿ ಕಜಾಕ್‌ಗೆ ತಿರುಗಿಸುತ್ತಿದ್ದ. "ನಿಮ್ಮಮ್ಮ ಇದಕ್ಕೆ ಏನಂತಿದ್ರು?" ಎಂದು ಅವಳನ್ನು ಕೇಳುತ್ತಿದ್ದ. ಬಲ್ಜಾನಳ ತಾಯಿ ಕುರಿ ಕಾಯುವವರ ಮನೆಯವಳು, ಹಳೆಯ ಮಾತಿನ ಗಂಟೇ ಅವಳಲ್ಲಿತ್ತು. ಹೊರಗಿನ ಡಿಸ್ಕನ್ನು ಪೆಟ್ಟಿಗೆಗೆ ಸೇರಿಸುವುದಕ್ಕೆ ಕುದುರೆಗೆ ಜೀನು ಬಿಗಿಯುವ ಮಾತು. ಕೆಲಸ ನಿಲ್ಲಿಸಿ ಕಾಯುವುದಕ್ಕೆ ಮಂದೆಯನ್ನು ನೆರಳಿಗೆ ತರುಬುವ ಮಾತು. ಹೀಗೆ ನಾಲ್ಕು ಚಳಿಗಾಲ ಕಳೆದವು. ಮಾತು ಸಾವಿರಗಟ್ಟಲೆ ಆಯಿತು.

ಇದೇ ಹುಚ್ಚಿನ ಗೆಳೆಯನೊಬ್ಬ ತಾಲ್ದಿಕೊರ್ಗಾನ್‌ನಲ್ಲಿದ್ದ, ತ್ಯಾನ್ ಅಂತ, ಕೊರಿಯದ ಕುಲದವನು. "ಅರ್ಧ ಆಗಿರೋದಾದ್ರೂ ಕಳಿಸೋ, ನಾಲ್ಕು ಜನ ತಿದ್ತಾರೆ" ಎಂದು ಫೋನಿನಲ್ಲಿ ಬೈಯುತ್ತಿದ್ದ. ಸೈಲಾವ್ ಒಪ್ಪಲಿಲ್ಲ. ತಪ್ಪಿರುವ ಮಾತನ್ನು ಊರ ಮುಂದೆ ಇಡುವುದು ಅವನಿಗೆ ಅರೆಬೆಂದ ಮಾಂಸ ಬಡಿಸಿದ ಹಾಗೆ. ಮುಗಿಯಲಿ, ಒಟ್ಟಿಗೆ ಕಳಿಸುತ್ತೇನೆ ಅನ್ನುತ್ತಿದ್ದ. ಅದಿದ್ದದ್ದು ಆ ಪೆಟ್ಟಿಗೆಯೊಳಗೆ ಮಾತ್ರ.

ಚಳಿಗಾಲಕ್ಕೆಂದು ಕುದುರೆ ಕೊಯ್ದು ನೆಂಟರನ್ನು ಊಟಕ್ಕೆ ಕರೆದ ದಿನ ಮೆದೆತ್ ಬಂದ. ಸೈಲಾವನ ಅಕ್ಕನ ಮಗ, ರಾಜಧಾನಿಯಲ್ಲಿ ಟ್ಯಾಕ್ಸಿ ಓಡಿಸುವವನು, ಮೀಸೆ ಬಂದ ಗಂಡಸು. ಸೋದರಳಿಯನಿಗೆ ಮಾವನ ಮನೆಯಲ್ಲಿ ಮೂರು ಸಲ ಕೇಳುವ ಹಕ್ಕು. ಏನು ಕೇಳಿದರೂ ಇಲ್ಲ ಅನ್ನುವಂತಿಲ್ಲ. ಚಿಕ್ಕವನಿದ್ದಾಗ ನಾಯಿಮರಿ ಒಯ್ದಿದ್ದ, ಮದುವೆಯ ಸಮಯಕ್ಕೆ ತೊಗಲಿನ ಕೋಟು. ಮಾಂಸದ ತಟ್ಟೆ ನಡುವೆ ಇಳಿಯುತ್ತಿದ್ದ ಹಾಗೆ ಅವನು ಟಿ.ವಿ. ಕಡೆಗೆ ಗದ್ದ ಎತ್ತಿದ.

"ಮಾವಾ, ನಂದಿನ್ನೂ ಒಂದು ಬಾಕಿ ಇದೆ. ಆ ಆಟದ ಪೆಟ್ಟಿಗೆ ಕೊಟ್ಬಿಡಿ."

ಬಲ್ಜಾನ್ ಚಹಾದ ಬಟ್ಟಲು ಕೆಳಗಿಟ್ಟು ಗಂಡನ ಕಡೆ ನೋಡಿದಳು.

"ನನ್ನಪ್ಪನ ಬೆಳ್ಳಿ ಜೀನು ಇದೆಯಲ್ಲ, ಅದನ್ನ ತಗೋಳೋ" ಎಂದ ಸೈಲಾವ್.

"ಜೀನು ಎಲ್ಲಿಗೆ ಹಾಕ್ಲಿ ಮಾವ, ಟ್ಯಾಕ್ಸಿ ಬಾನೆಟ್ಟಿಗಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಿರಿಯರ ಸಾಲಿನ ಮುದುಕನೊಬ್ಬ ಮೂಳೆ ಚೀಪುತ್ತ, "ಕೊಡೋ ಸೈಲಾವ್! ಅಳಿಯನ್ನ ಬರಿಗೈಲಿ ಕಳಿಸಿದವನ ಕೈ ಸಾಯೋತಂಕ ನಡುಗುತ್ತೆ. ಈ ವಯಸ್ಸಲ್ಲಿ ಆಟ ಆಡಿ ಯಾರನ್ನ ಗೆಲ್ಲಬೇಕು ನೀನು?" ಎಂದ.

ಕೊಡುವಾಗ ತಡವರಿಸಬಾರದು, ಷರತ್ತು ಹಾಕಬಾರದು. ಹಾಗೆ ಕೊಟ್ಟದ್ದು ಕೊಟ್ಟಂತಲ್ಲ. ಸೈಲಾವ್, "ತಗೋ, ನಿಂದೇ" ಎಂದುಬಿಟ್ಟ. ರಾತ್ರಿ ಮೆದೆತ್ ಮಲಗಿದ ಮೇಲೆ ಎಲ್ಲ ನಕಲು ಮಾಡಿಕೊಂಡರಾಯಿತು ಎಂದು ಅವನ ಲೆಕ್ಕ. ಅವನ ಮುಖ ನೋಡಿಯೇ ಬಲ್ಜಾನಳಿಗೆ ಅದು ತಿಳಿಯಿತು.

ಊಟವಾದ ಮೇಲೆ ಹಿರಿಯರನ್ನು ಕಾರಿನವರೆಗೆ ಬಿಟ್ಟುಬರಲು ಸೈಲಾವ್ ಕೆಳಗಿಳಿದ. ಬಾಗಿಲಲ್ಲಿ ಒಂದು ಮಾತು, ಮೆಟ್ಟಿಲಲ್ಲಿ ಒಂದು, ಕಾರಿನ ಹತ್ತಿರ ಮತ್ತೆ ಎಲ್ಲರ ಆರೋಗ್ಯದ ವಿಚಾರ. ಬಲ್ಜಾನ್ ಅಡುಗೆಮನೆಯಲ್ಲಿ ಹೆಂಗಸರಿಗೆ ಮಾಂಸದ ಗಂಟು ಕಟ್ಟಿಕೊಡುತ್ತಿದ್ದಳು. ಆಗ ಒಳಗಿನಿಂದ ಸಾವಿರಾರು ಜನ ಹೋ ಎಂದು ಕೂಗಿದ ಸದ್ದು ಕೇಳಿತು. ಫುಟ್‌ಬಾಲ್ ಮೈದಾನದ ಸದ್ದು. ಗಂಟು ಅಲ್ಲೇ ಬಿಟ್ಟು ಓಡಿದಳು.

ಮೆದೆತ್ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದ. ಹಿಂದೆಯೇ ಮೇಲೆ ಬಂದ ಸೈಲಾವನನ್ನು ನೋಡಿ, "ಮಾವಾ, ಎಷ್ಟು ಹಳೇದಿಟ್ಕೊಂಡಿದ್ರಿ ಇದನ್ನ! ನನ್ನ ಸಿ.ಡಿ. ಹಾಕಿದ ತಕ್ಷಣ ಹೊಸದು ಮಾಡ್ಲಾ ಅಂತ ಕೇಳ್ತು, ಹೂಂ ಅಂದೆ. ಈಗ ನೋಡಿ, ಹೆಂಗೆ ಓಡ್ತಿದೆ!" ಎಂದ.

ಸೈಲಾವ್ ಶೂ ಬಿಚ್ಚುವುದನ್ನೂ ಮರೆತು ನಿಂತ. ಬಲ್ಜಾನ್ ಬಾಯಿ ತೆರೆದಳು. ಅವನು ಕಣ್ಣಿನಲ್ಲೇ ಬೇಡವೆಂದ. ಅಳಿಯ ತನ್ನ ವಸ್ತುವನ್ನು ತಾನು ಹೊಸದು ಮಾಡಿಕೊಂಡಿದ್ದಾನೆ, ಏನೆಂದು ಬೈಯುವುದು?

"ಚೆನ್ನಾಗಿ ಓಡ್ತಿದೆ" ಎಂದ ಸೈಲಾವ್. ತಾನೇ ತಂತಿ ಸುತ್ತಿ, ಹಳೆಯ ಶಾಲಿನಲ್ಲಿ ಪೆಟ್ಟಿಗೆ ಕಟ್ಟಿಕೊಟ್ಟ.

ಸೈಲಾವ್ ತ್ಯಾನ್‌ಗೆ ಫೋನು ಮಾಡಿದ್ದು ಆ ವಾರದ ಕೊನೆಗೆ. "ಏನೂ ದಾರಿಯಿಲ್ವೇನೋ?" ಎಂದು ಕೇಳಿದ. ಆ ಕಡೆಯವನು, "ನಂಗೆ ಗೊತ್ತಿರೋ ಹಾಗೆ ಇಲ್ಲ. ಕತ್ತೆ, ಅರ್ಧ ಕಳಿಸು ಅಂತ ಬಡ್ಕೊಂಡೆನಲ್ಲೋ" ಎಂದ. ಬೈದು ಮುಗಿಸಿ ಕೇಳಿದ, "ಮತ್ತೆ ಶುರು ಮಾಡ್ತೀಯಾ?"

"ಕಣ್ಣು ಹೋಯ್ತು ತ್ಯಾನ್. ಉಸಿರೂ ಅಷ್ಟೇ."

ಬಲ್ಜಾನ್ ಸುಮ್ಮನಿರಲಾರದೆ ತನ್ನ ತಾಯಿಯ ಮಾತುಗಳನ್ನು ಒಂದೊಂದಾಗಿ ನೆನಪಿಸಿ ಹೇಳತೊಡಗಿದಳು. ಜೀನು ಬಿಗಿಯುವುದು, ಮಂದೆ ತರುಬುವುದು, ಹಗ್ಗ ಸಡಿಲಿಸುವುದು. ಹತ್ತು ಹದಿನೈದಕ್ಕೆ ತಡವರಿಸಿದಳು.

"ಬಿಡೇ" ಎಂದ ಅವನು. "ಅವು ಒಂದರ ಪಕ್ಕ ಒಂದು ಇದ್ದಾಗ ಭಾಷೆ. ಈಗ ಬರೀ ಮಾತು."

ಅವಳು ಎದ್ದು ಕಿಟಕಿಯ ಹೊರಗೆ ನೋಡಿದಳು. ರಾತ್ರಿಯಿಡೀ ಹಿಮ ಬಿದ್ದು ಅಂಗಳ ಬೆಳ್ಳಗಾಗಿತ್ತು. ನೆಂಟರ ಊಟದ ಜಿಡ್ಡು ನೆಲಕ್ಕೆ ಹಾಸಿದ ದಪ್ಪ ಕಂಬಳಿಯಲ್ಲಿ ಹಾಗೇ ಉಳಿದಿತ್ತು. "ಒಂದು ಕಡೆ ಹಿಡೀರಿ, ನನ್ನೊಬ್ಬಳ ಕೈಲಿ ಆಗಲ್ಲ" ಎಂದಳು. ಇಬ್ಬರೂ ಹೊತ್ತು ಕೆಳಗಿಳಿಸಿ, ಕೊಳೆ ಹಿಮಕ್ಕೆ ಇಳಿಯಲೆಂದು ಅದರ ಮೇಲೆ ಮಗುಚಿ ಹಾಸಿದರು. ಅವನು ಕೋಲು ತೆಗೆದುಕೊಂಡು ಬಡಿಯತೊಡಗಿದ, ನಾಲ್ಕು ಏಟಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತ. ಎತ್ತಿದಾಗ ಕೆಳಗಿನ ಹಿಮ ಬೂದಿಯ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಶುಭ್ರ ಹಿಮಕ್ಕೆ ಎಳೆದು ಮತ್ತೆ ಹಾಸಿದರು.