ನಡುವಿನ ಎಲೆಯ ಲೆಕ್ಕ

ಗಿರಿಜಾ, ಆ ಲೆಕ್ಕ ನಿನ್ನದು. ಶಿಕಾರಿಪುರದ ಹೈಸ್ಕೂಲಿನಲ್ಲಿ ಇನ್‌ಸ್ಪೆಕ್ಟರರ ಎದುರು ನಾನು ಬಿಡಿಸಿ ಭೇಷ್ ಎನಿಸಿಕೊಂಡೆನಲ್ಲ — ಅದು ನಿನ್ನ ಬಾಯಿಂದ ಕದ್ದದ್ದು.

ನಾನು ಜಂಬದ ಹೆಂಗಸು, ಅದನ್ನೇನೂ ಮುಚ್ಚಿಡುವುದಿಲ್ಲ. ಐವತ್ತರ ದಶಕ ಮುಗಿಯುತ್ತಿದ್ದ ಆ ಕಾಲಕ್ಕೆ ನಮ್ಮ ತರಗತಿಯಲ್ಲಿದ್ದ ಹುಡುಗಿಯರೇ ನಾವಿಬ್ಬರು. ನೀನು ಸೊರಬದಿಂದ ಬಂದು ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದೆ. ಹೆಸರು ತಂದರೆ ಮುಂದಕ್ಕೆ ಓದು, ಇಲ್ಲದಿದ್ದರೆ ಮದುವೆ — ನಿನ್ನ ಅಪ್ಪಯ್ಯನ ಆ ಮಾತು ನನಗೆ ಗೊತ್ತಿತ್ತು. ಗೊತ್ತಿದ್ದೂ...

ಇನ್‌ಸ್ಪೆಕ್ಟರರು ಬೋರ್ಡಿನ ಮೇಲೆ ಹದಿನಾಲ್ಕು ಅಂಗುಲದ ಚೌಕ ಬರೆದು, ಎದುರುಬದುರು ಮೂಲೆಗಳಿಂದ, ಬದಿಯನ್ನೇ ತ್ರಿಜ್ಯವಾಗಿಟ್ಟು, ಎರಡು ಕಾಲುವೃತ್ತ ಎಳೆದರು. ನಡುವೆ ಎಲೆಯಂಥ ಆಕಾರ ಮೂಡಿತು. ಅದರ ವಿಸ್ತೀರ್ಣ ಎಷ್ಟು? ಗಂಡುಹುಡುಗರೆಲ್ಲ ತಲೆ ಕೆರೆದುಕೊಂಡರು. ನೀನು ನನ್ನ ಕಿವಿಯಲ್ಲಿ ಉಸುರಿದೆ:

“ಅಂಗಳ ಅನ್ಕೋ ಮಾರಾಯ್ತಿ. ಆ ಮೂಲೇಲಿ ಕೂತು ನಾನು ಸಾರಿಸ್ದೆ, ಈ ಮೂಲೇಲಿ ನೀನು. ನಡುವೆ ಎರಡು ಸಲ ಸಗಣಿ ಬಿತ್ತಲ! ಎರಡೂ ಕೂಡ್ಸಿ ಒಂದು ಅಂಗಳ ಕಳಿ, ಮಿಕ್ಕಿದ್ದೇ ಎಲೆ.”

ಕೈಯೆತ್ತಲು ನೀನು ಅಳುಕಿದೆ. ನಾನು ಅಳುಕಲಿಲ್ಲ. ಒಂದು ಕಾಲುವೃತ್ತ ನೂರೈವತ್ತನಾಲ್ಕು, ಎರಡು ಸೇರಿ ಮುನ್ನೂರೆಂಟು, ಚೌಕದ ನೂರತೊಂಬತ್ತಾರು ಕಳೆದರೆ ನೂರಹನ್ನೆರಡು ಚದರ ಅಂಗುಲ. ಅಂಗಳ, ಸಗಣಿ ಎಲ್ಲವನ್ನೂ ವಿವರಿಸಿದೆ — ನಿನ್ನ ಹೆಸರೊಂದನ್ನು ಬಿಟ್ಟು.

“ಯಾರು ಹೇಳಿಕೊಟ್ರಮ್ಮ ಇದನ್ನ?”

“ನಾನೇ ಯೋಚ್ನೆ ಮಾಡ್ದೆ ಸಾರ್.”

ಎದೆ ಉಬ್ಬಿತು ಗಿರಿಜಾ. ಸುಳ್ಳಾಡಿದೆನೆಂದು ಆಗ ಅನ್ನಿಸಲೇ ಇಲ್ಲ. ಹೆಡ್‌ಮಾಸ್ಟರು ನಮ್ಮ ಮನೆಗೇ ಬಂದು ಹೊಗಳಿದರು. ನನ್ನ ಓದು ಮುಂದುವರಿಯಿತು. ನಿನ್ನನ್ನು ಆ ಬೇಸಿಗೆಯಲ್ಲೇ ಸೊರಬಕ್ಕೆ ಕರೆದೊಯ್ದು ಮದುವೆ ಮಾಡಿದರು. ಆ ಹೊಗಳಿಕೆ ನಿನ್ನ ಹೆಸರಿನಲ್ಲಿ ನಿನ್ನ ಅಪ್ಪಯ್ಯನ ಕಿವಿಗೆ ಬಿದ್ದಿದ್ದರೆ — ಈ ವಾಕ್ಯವನ್ನು ನಾನು ಇವತ್ತಿಗೂ ಮುಗಿಸಿಲ್ಲ.

ಗಣಿತದ ಮೇಡಂ ಆದೆ. ಒಳ್ಳೆಯ ಮೇಡಂ, ಯಾರನ್ನು ಬೇಕಾದರೂ ಕೇಳು. ಆ ಲೆಕ್ಕವನ್ನು ಅಂಗಳ ಸಾರಿಸಿಯೇ ಕಲಿಸಿದೆ. ಮಕ್ಕಳ ಮುಖ ಅರಳಿದಾಗಲೆಲ್ಲ ಬೀಗಿದೆ. ಅದು ನನ್ನ ವಿಧಾನ ಎಂದು ನಾನೇ ನಂಬತೊಡಗಿದ್ದೆ.

ಮೊನ್ನೆ ಸೊರಬದ ಮದುವೆಮನೆಯಲ್ಲಿ ನೀನು ಸಿಕ್ಕಿದೆ. ನನ್ನ ಕೈ ಹಿಡಿದು ಮೊಮ್ಮಗಳನ್ನು ಕರೆದೆ. “ನೋಡೇ, ಇವ್ಳೇ ನನ್ ಗೆಳತಿ. ಗಂಡುಡುಗ್ರೆಲ್ಲ ಬಾಯಿ ಬಿಡ್ತಾ ಕೂತಿದ್ದಾಗ ಒಬ್ಳೇ ಎದ್ದೋಗಿ ಲೆಕ್ಕ ಬಿಡ್ಸಿದೋಳು!” ನಿನಗೆ ಮರೆತೇ ಹೋಗಿತ್ತೋ, ನನಗೆ ಬಿಟ್ಟುಕೊಟ್ಟಿದ್ದೆಯೋ... ನಾನು ತಿದ್ದಲಿಲ್ಲ. ಗತ್ತಿನಿಂದ ನಕ್ಕೆ.

ನಾಳೆ ಸೊರಬದ ಬಸ್ಸು ಹತ್ತುತ್ತೇನೆ. ನಿನ್ನ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು, ಅವಳ ಅಜ್ಜಿ ಯಾರೆಂದು ಹೇಳಬೇಕಾಗಿದೆ.