ಬಾಡಿಗೆ ಮನೆಗೆ ಅಂಕ ಹಾಕಲು ಹೊರಟದ್ದು

ಭಾನುವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಮೂವರು ಯಲಬುರ್ಗಾ ಬಿಟ್ಟೆವು: ನಾನು, ನಮ್ಮವರು, ಅತ್ತೆ. ನಮ್ಮವರು ಯಲಬುರ್ಗಾದಲ್ಲಿ ಗುಮಾಸ್ತರು, ನಾನು ಗಂಗಾವತಿ ಹತ್ತಿರದ ಮರಳಿಯಲ್ಲಿ ಶಿಕ್ಷಕಿ. ಮದುವೆಯಾಗಿ ಎರಡು ವರ್ಷವಾದರೂ ಸಂಸಾರ ಶನಿವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಮಾತ್ರ. ನನಗಂತೂ ಸಾಕಾಗಿತ್ತು. ಇಬ್ಬರಿಗೂ ದಿನಾ ಕೆಲಸಕ್ಕೆ ಓಡಾಡಲು ಆಗುವಂಥ ಮನೆ ಬೇಕಿತ್ತು. ಅತ್ತೆ ಯಲಬುರ್ಗಾ ಬಿಟ್ಟು ಬರುವುದಿಲ್ಲವೆಂದು ಮೊದಲೇ ಹೇಳಿದ್ದರು, ನೋಡಲು ಮಾತ್ರ ಹೊರಟಿದ್ದರು.

ನಮ್ಮವರು ಆಫೀಸಿನ ತರಬೇತಿಯಲ್ಲಿ ಕಲಿತಂತೆ ಹಾಳೆಗೆ ಗೆರೆ ಹೊಡೆದು ತಂದಿದ್ದರು: ಬಸ್ಸು, ನೀರು, ಬಾಡಿಗೆ, ಗಾಳಿ, ಸಂತೆ. ಒಂದೊಂದಕ್ಕೂ ಹತ್ತು ಅಂಕ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗಾಡುತ್ತದೆ, ಎಲ್ಲವನ್ನೂ ಕೂಡಿಸಿ ನೋಡಬೇಕು ಎಂದು ದಾರಿಯುದ್ದಕ್ಕೂ ನನಗೆ ಪಾಠ. ನನ್ನನ್ನು ನೋಡಲು ಬಂದಾಗ ಇಷ್ಟು ಯೋಚಿಸಿರಲಿಲ್ಲ, ಉಪ್ಪಿಟ್ಟು ತಿಂದು ಹೂಂ ಅಂದಿದ್ದರು.

ಕುಷ್ಟಗಿಯ ಮನೆ ಬಸ್ ನಿಲ್ದಾಣದ ಬೆನ್ನಿಗೇ ಇತ್ತು. ಬಸ್ಸಿಗೆ ಹತ್ತಕ್ಕೆ ಹತ್ತು ಬಿತ್ತು. ಬಸ್ಸು ತಪ್ಪಿದ ಬೀಗರೆಲ್ಲ ಇಲ್ಲೇ ಬಂದು ಇಳಿಯುತ್ತಾರೆ, ಈ ನೀರು ಎಲ್ಲಿ ಸಾಲುತ್ತದೆ ಎಂದರು ಅತ್ತೆ. ನೀರಿನ ಅಂಕ ಇಳಿಯಿತು. ಗಂಗಾವತಿಯಲ್ಲಿ ಕಾಲುವೆ ಪಕ್ಕದ ಮನೆ. ನೀರಿಗೆ ಹತ್ತು ಬಂತು, ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿದಾಗ ಗಾಳಿಗೆ ಸೊನ್ನೆ ಬಂತು. ಅಳಿಸಿ ಬರೆದು ಹಾಳೆ ತೂತಾಯಿತು.

ಮೂರು ಗಂಟೆಗೆ ಕೊಪ್ಪಳ. ಮನೆಯೊಡತಿ ಹಸೀನಾಬಿ ಚಹಾ ಕೊಟ್ಟರು. ಇಬ್ಬರಿಗೂ ನಡುವಿನ ಊರು, ಮನೆಯೂ ಛಲೋ ಇತ್ತು. ನಮ್ಮವರು ಅಂಕ ಕೂಡಿಸುತ್ತಿದ್ದಾಗ ಆಕೆ ಕೇಳಿದರು:

"ನೀವು ಮನಿ ನೋಡಿದ್ರಿ, ನಾನೂ ನಿಮ್ಮನ್ನ ನೋಡಬೇಕಲ್ಲರಿ. ನಳ ಬರೋದು ಹನ್ನೊಂದಕ್ಕ. ಇಬ್ಬರೂ ನೌಕರಿಗೆ ಹೋದ್ರ ನೀರು ಹಿಡಿಯೋರು ಯಾರು? ಹಿಂದಿನವ್ರು ನಳ ತೆರದಿಟ್ಟು ಹೋಗಿ ನನ್ನ ಮನಿ ಗ್ವಾಡಿ ತೋಯಿಸ್ಯಾರ."

ಹಾಳೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ನಮ್ಮವರು ಪೆನ್ನು ಕಚ್ಚುತ್ತ ಕೂತರು. ಈ ಮನೆಯೂ ಹೋಯಿತೆಂದು ನನಗೆ ಅಳು ಬಂತು.

ಅತ್ತೆ ಚಹಾದ ಕಪ್ಪು ಕೆಳಗಿಟ್ಟರು. "ನಾ ಹಿಡೀತೀನಿ," ಅಂದರು.

ಹಸೀನಾಬಿ ಬೀಗದ ಕೈಯನ್ನು ನೇರ ಅವರ ಕೈಗೇ ಕೊಟ್ಟರು.

ಸಂಜೆ ನಿಲ್ದಾಣದಲ್ಲಿ ನಾನು ಗಂಗಾವತಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಕೆಳಗೆ ಅತ್ತೆ ಆ ಹಾಳೆಯನ್ನೇ ಹರಿದು ಮಿರ್ಚಿ ಭಜಿಯ ಎಣ್ಣೆ ಒರೆಸುತ್ತಿದ್ದರು. ಯಾವ ಲೆಕ್ಕದಲ್ಲಿ ಒಪ್ಪಿದೆಯವ್ವ ಎಂದು ನಮ್ಮವರು ಕೇಳುತ್ತಲೇ ಇದ್ದರು.

"ನೀ ಮುಂಜಾನಿಂದ ಹಾಳಿ ನೋಡಾಕತ್ತಿದ್ದಿ," ಅಂದರು ಅತ್ತೆ. "ನಾ ಸೊಸಿ ಮುಖ ನೋಡಾಕತ್ತಿದ್ದೆ."